ಲಕ್ಕಿ ತಪ್ಪಲಿನ ಪುಟ

ನಮ್ಮೂರಿನಲ್ಲಿ ಮೇಲೋಣಿಯವರು ಒಲೆ ಹಚ್ಚಿದರೆ ಕೆಳಗಿನೋಣಿಯವರು ಬೆವರುತ್ತಾರೆ. ಮೇಲೋಣಿಯ ಮನೆಯಲ್ಲಿ ಅನ್ನ ಬೇಯುತ್ತದೆ, ಸಾರು ಕುದಿಯುತ್ತದೆ, ಒಲೆಯ ಮುಂದೆ ಕೂತವಳ ಹಣೆಯ ಮೇಲೆ ಮಾತ್ರ ಒಂದು ಹನಿ ಬೆವರಿರುವುದಿಲ್ಲ. ಅವಳ ಒಲೆಯ ಕಾವು ದಿಬ್ಬ ಇಳಿದು ಹಳ್ಳದ ದಂಡೆಯಲ್ಲಿರುವ ಕೆಳಗಿನೋಣಿಯ ಯಾವುದೋ ಒಂದು ಮನೆಯನ್ನು ಹೊಕ್ಕು ಕೂತಿರುತ್ತದೆ. ಮೇಲಿನ ಒಂದು ಮನೆಗೆ ಕೆಳಗಿನ ಒಂದು ಮನೆ, ಅದು ಅಜ್ಜ ಮುತ್ತಜ್ಜರ ಕಾಲದಿಂದ ಬದಲಾದದ್ದಿಲ್ಲ. ನಾನು ಹುಟ್ಟಿ ಬೆಳೆದದ್ದು ಮೇಲೋಣಿಯಲ್ಲಿ. ಚೈತ್ರ ವೈಶಾಖದಲ್ಲೂ ಕೌದಿ ಹೊದ್ದು ಮಲಗುವ ಮನೆ ನಮ್ಮದು.

ಕೆಳಗಿನೋಣಿಯವರು ಇದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಕೂಸಿನ ತೊಟ್ಟಿಲನ್ನು ಮನೆಯೊಳಗೆ ಕಟ್ಟದೆ ಹಳ್ಳದ ದಂಡೆಯ ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಸಂಡಿಗೆಯನ್ನು ಬಿಸಿಲಿಗೆ ಹಾಕದೆ ನಡುಮನೆಯಲ್ಲೇ ಒಣಗಿಸುತ್ತಿದ್ದರು. ಮೇಲೆ ಒಲೆ ಉರಿಯುವ ಹೊತ್ತಿಗೆ ಅವರ ಒಲೆಗಲ್ಲು ತಾನಾಗಿಯೇ ಕಾಯುತ್ತಿತ್ತು, ಅದರ ಮೇಲೆಯೇ ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು. ಅಂದರೆ ಮೇಲಿನವರಿಗೆ ಹಸಿವಾದಾಗ ಕೆಳಗಿನವರ ಊಟ. ಮೇಲೆ ಮದುವೆಯಿದ್ದರೆ ಕೆಳಗಿನ ಆ ಮನೆಯವರು ಬಾಗಿಲಿಗೆ ಚಿಲಕ ಹಾಕಿ ಮೂರು ದಿನ ಹಳ್ಳದಲ್ಲಿ ಕಳೆಯುತ್ತಿದ್ದರು. "ಪಾಪ, ಅವರಿಗೆ ಕಟ್ಟಿಗಿ ತರೂ ತ್ರಾಸ ಇಲ್ಲ ನೋಡ್ರಿ" ಎಂದು ನಮ್ಮ ಓಣಿಯ ಹೆಂಗಸರು ಅನ್ನುತ್ತಿದ್ದರು. ನಾನೂ ಅಂದವಳೇ.

ಎರಡೂ ಓಣಿಗೆ ಸೇರಿ ಒಂದೇ ಒಂದು ಕಟ್ಟಳೆ ಇತ್ತು. ಯಾರ ಮನೆಯ ಕಾವು ಯಾರ ಮನೆಗೆ ಎಂದು ಮೇಲಿನವರು ಕೇಳಬಾರದು, ಕೆಳಗಿನವರು ಗೊತ್ತಿದ್ದರೂ ಹೇಳಬಾರದು. ಹೆಸರು ಹಿಡಿದರೆ ಹಗೆ ಹುಟ್ಟುತ್ತದೆ ಎಂದು ಹಿರಿಯರು ಮಾಡಿದ್ದಂತೆ. ಕೆಳಗಿನವರು ಮೇಲೋಣಿಯ ಮೆಟ್ಟಿಲು ಹತ್ತುವ ರೂಢಿಯೂ ಇರಲಿಲ್ಲ. ಇದೆಲ್ಲ ಬಹಳ ಬುದ್ಧಿವಂತಿಕೆಯ ಏರ್ಪಾಡು ಎಂದೇ ನಾನು ತಿಳಿದಿದ್ದೆ. ತಣ್ಣಗಿದ್ದವರಿಗೆ ಯಾವ ಏರ್ಪಾಡಾದರೂ ಬುದ್ಧಿವಂತಿಕೆಯದೇ.

ಎರಡು ಓಣಿಗಳ ನಡುವೆ ದಿಬ್ಬದ ಸೊಂಟದ ಮೇಲೆ ಶಿಶುವಿಹಾರವಿದೆ. ಅಲ್ಲಿ ನಾನು ಹದಿನಾಲ್ಕು ವರ್ಷದಿಂದ ಅಕ್ಕೋರು. ಎರಡೂ ಕಡೆಯ ಮಕ್ಕಳು ಒಂದೇ ಜಮಖಾನೆಯ ಮೇಲೆ ಕೂರುವ ಜಾಗ ಊರಿನಲ್ಲಿ ಅದೊಂದೇ. ಆ ವರ್ಷ ಮೇಲೋಣಿಯಲ್ಲಿ ಮನೆಗಳು ದೊಡ್ಡವಾಗಿದ್ದವು, ಒಂದು ಒಲೆಯಿದ್ದಲ್ಲಿ ಮೂರಾಗಿದ್ದವು. ಬಚ್ಚಲ ಹಂಡೆಯ ಒಲೆ ಸಂಜೆಯ ತನಕ ಆರುತ್ತಿರಲಿಲ್ಲ. ಕೆಳಗಿನ ಮಕ್ಕಳು ಮೈತುಂಬ ಬೆವರುಸಾಲೆ ಎದ್ದು ಬರುತ್ತಿದ್ದರು, ಕೂತಲ್ಲೇ ತೂಕಡಿಸುತ್ತಿದ್ದರು. ಶಿಶುವಿಹಾರದ ಕಮಿಟಿಯವರು ನೋಡಿದರು, ಮರುಗಿದರು, ಮಕ್ಕಳಿಗೆ ತಿಳಿವಳಿಕೆ ಕೊಡಬೇಕೆಂದು ಒಂದು ಕಟ್ಟು ಕತೆ ಪುಸ್ತಕ ಕಳಿಸಿದರು.

ಪುಸ್ತಕದ ಹೆಸರು 'ಸೂರ್ಯಪ್ಪನ ಸಿಟ್ಟು'. ಚಿತ್ರಗಳು ಬಹಳ ಚೆಂದ. ಮಕ್ಕಳು ನೀರು ಚೆಲ್ಲುತ್ತಾರೆ, ಗಿಡದ ಎಲೆ ಹರಿಯುತ್ತಾರೆ, ಸೂರ್ಯಪ್ಪನಿಗೆ ಸಿಟ್ಟು ಬಂದು ಊರೆಲ್ಲ ಕಾಯುತ್ತದೆ. ಆಮೇಲೆ ಮಕ್ಕಳು ಜಾಣರಾಗುತ್ತಾರೆ, ನೀರು ಉಳಿಸುತ್ತಾರೆ, ಸೂರ್ಯಪ್ಪ ನಗುತ್ತಾನೆ. ಅದರಲ್ಲಿ ಎಲ್ಲಿಯೂ ಒಲೆ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆಗೆ ಬಣ್ಣ ಬಳಿದು ಪುಸ್ತಕ ಮಾಡಿದ್ದರು, ಅಷ್ಟೆ. ಇದನ್ನು ನಾನು ಈಗ ಅನ್ನುತ್ತಿದ್ದೇನೆ. ಆಗ ದಿನವೂ ಸೂರ್ಯಪ್ಪನ ದನಿ ತೆಗೆದು, ಕಣ್ಣು ಅರಳಿಸಿ, ಕುಣಿದು ಓದಿದವಳು ನಾನೇ.

ಕೆಳಗಿನೋಣಿಯ ಹುಲಿಗೆವ್ವ ಎಂಬ ಹುಡುಗಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದಳು. ಐದು ವರ್ಷದವಳು. ಎಲ್ಲರೂ ಹುಲಿಗಿ ಅನ್ನುತ್ತಿದ್ದೆವು. ಒಂದು ದಿನ ಕತೆ ಮುಗಿದ ಮೇಲೆ ನನ್ನ ಸೆರಗು ಜಗ್ಗಿ ಕೇಳಿದಳು.

"ಅಕ್ಕೋರ, ಸೂರ್ಯಪ್ಪ ನಮ್ಮ ಮನೀ ಮ್ಯಾಲ ಯಾಕ ಭಾಳ ಸಿಟ್ಟಾಗ್ಯಾನ್ರಿ?"

"ನೀರು ಉಳಸಬೇಕವ್ವ. ಉಳಿಸಿದ್ರ ನಗ್ತಾನ" ಎಂದೆ. ಪುಸ್ತಕದಲ್ಲಿ ಇದ್ದದ್ದು ಅದೇ.

ಎಂಟು ದಿನದ ಮೇಲೆ ಬೆಳಗಿನ ಪ್ರಾರ್ಥನೆಯಲ್ಲಿ ಹುಲಿಗಿ ನಿಂತಲ್ಲೇ ಕುಸಿದುಬಿದ್ದಳು. ತುಟಿ ಸೀಳಿ ರಕ್ತ ಒಣಗಿತ್ತು, ನಾಲಗೆ ಕಟ್ಟಿಗೆಯಾಗಿತ್ತು. ದವಾಖಾನೆಯ ಕಂಪೌಂಡರು ಬಂದು ಚಮಚೆಯಿಂದ ಸಕ್ಕರೆ ಉಪ್ಪಿನ ನೀರು ಬಾಯಿಗೆ ಬಿಟ್ಟರೆ ಹಲ್ಲು ಕಚ್ಚಿ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದಳು. ಅರ್ಧ ತಾಸಿನ ಮೇಲೆ ಮಾತು ಬಂತು. "ನಾ ಕುಡಿಯಂಗಿಲ್ರಿ ಅಕ್ಕೋರ. ಉಳಸಾಕ ಹತ್ತೀನ್ರಿ" ಅಂದಳು.

ಅವಳನ್ನು ಎತ್ತಿಕೊಂಡು ನಾನೂ ಕಂಪೌಂಡರೂ ಕೆಳಗಿನೋಣಿಗೆ ಹೋದೆವು. ಹದಿನಾಲ್ಕು ವರ್ಷದಲ್ಲಿ ನಾನು ಅವರ ಮನೆಯೊಂದರ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲಲ್ಲೇ ಉಸಿರು ಕಟ್ಟಿತು. ಗೋಡೆಗೆ ಕೈ ತಾಗಿಸಿ ಹಿಂದಕ್ಕೆ ತೆಗೆದುಕೊಂಡೆ. ಮೂಲೆಯಲ್ಲಿ ಸಣ್ಣ ಗಡಿಗೆ, ಒಡೆದ ಲೋಟ, ತೆಂಗಿನ ಚಿಪ್ಪು ಸಾಲಾಗಿ ಇದ್ದವು. ಎಲ್ಲದರಲ್ಲೂ ನೀರು. ಅವಳಮ್ಮ ದುರಗವ್ವ ಕುಡಿಯಲು ಕೊಟ್ಟ ನೀರಿನಲ್ಲಿ ಗುಟುಕು ಮಾತ್ರ ಕುಡಿದು, ಉಳಿದದ್ದನ್ನು ಹುಡುಗಿ ಎಂಟು ದಿನದಿಂದ ಅಲ್ಲಿ ಸೂರ್ಯಪ್ಪನಿಗೆಂದು ಕೂಡಿಡುತ್ತಿದ್ದಳು. ಆಟ ಆಡುತ್ತಾಳೆ ಎಂದು ದುರಗವ್ವ ತಿಳಿದಿದ್ದಳು. ನಾನು ಆ ಸಾಲನ್ನು ನೋಡಿ ಕೂತುಬಿಟ್ಟೆ.

ಕಂಪೌಂಡರು ಹೊರಗೆ ಬಂದು ಹೇಳಿದರು. "ಮಗೀಗೆ ಮೈಯಾಗ ಕಸುವಿಲ್ಲ. ಮಳಿ ಬೀಳೂ ತನಕ ಮನಿ ತಂಪಿರಬೇಕು. ಇನ್ನೊಂದ ಸಲ ಹಿಂಗಾತಂದ್ರ ನನ್ನ ಕೈಯಾಗಿಲ್ಲ." ಮಳೆಗೆ ಇನ್ನೂ ಐದು ವಾರವಿತ್ತು. ಮಗುವನ್ನು ನಮ್ಮ ಮನೆಗೆ ಕರೆದೊಯ್ಯುತ್ತೇನೆ ಎನ್ನಬಹುದಿತ್ತು, ಅನ್ನಲಿಲ್ಲ. ಓಣಿಯವರು ಏನಂದಾರು ಎಂದು ಅನ್ನಿಸಿತು, ನಿಜ ಹೇಳುತ್ತೇನೆ. ಅದರ ಬದಲು ಕಟ್ಟಳೆ ಮುರಿದು ಕೇಳಿದೆ.

"ದುರಗವ್ವ, ಇದು ಯಾರ ಮನಿ ಕಾವು? ನನಗ ಹೇಳು. ನಾ ಹೋಗಿ ಅವರ ಒಲೀಗೆ ನೀರು ಸುರದು ಬರ್ತೀನಿ."

ದುರಗವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನೆಲ ನೋಡಿದಳು. "ಬಿಡ್ರಿ ಅಕ್ಕೋರ. ಅವರಿಗೂ ಏನ ತ್ರಾಸ ಐತೋ ಏನೋ" ಎಂದಳು. ನನಗೆ ಅವಳ ಮೇಲೆಯೇ ರೇಗಿತು. ಮಗಳು ಸಾಯುತ್ತಿದ್ದರೂ ಬಾಯಿ ಬಿಡದವಳು ಎಂಥ ತಾಯಿ ಎಂದುಕೊಂಡು ದಿಬ್ಬ ಹತ್ತಿದೆ.

ಮರುದಿನ 'ಸೂರ್ಯಪ್ಪನ ಸಿಟ್ಟು' ಕಟ್ಟನ್ನು ಅಟ್ಟಕ್ಕೆ ಎಸೆದೆ. ನಾನೇ ಒಂದು ಪುಸ್ತಕ ಮಾಡುತ್ತೇನೆ, ಅದರಲ್ಲಿ ಒಲೆ ಇರುತ್ತದೆ ಎಂದು ಹಟ ಹುಟ್ಟಿತು. ಕಾಗದದ ಪುಸ್ತಕ ಮಕ್ಕಳ ಕೈಯಲ್ಲಿ ಬಾಳುವುದಿಲ್ಲ, ಹಾಗಾಗಿ ಬಟ್ಟೆಯದು. ಮನೆಯಿಂದ ಒಂದೊಂದು ಹಳೆಯ ಅರಿವೆ ತುಂಡು ತರಲು ಹೇಳಿದೆ. ಕೌದಿ ಹೊಲಿದಂತೆ ತುಂಡಿಗೆ ತುಂಡು ಕೂಡಿಸಿ, ಒಬ್ಬೊಬ್ಬ ಮಗುವಿಗೆ ಒಂದೊಂದು ಪುಟ.

"ಕಾವು ಅಂದ್ರ ಏನು?" ಎಂದು ಶುರು ಮಾಡಿದೆ.

ಕಮಿಟಿ ಅಧ್ಯಕ್ಷ ಬಸಲಿಂಗಪ್ಪನವರ ಮೊಮ್ಮಗಳು ಸುಪ್ರಭಾ ಮೊದಲು ಕೈ ಎತ್ತಿದಳು. "ಕೋಳಿ ತತ್ತಿ ಮ್ಯಾಲ ಕುಂದರ್ತೈತಲ್ರಿ, ಅದು!" ಮೇಲೋಣಿಯ ಮಕ್ಕಳೆಲ್ಲ ಹೌದೌದು ಎಂದರು. ಕೆಳಗಿನೋಣಿಯ ಮಕ್ಕಳು ಅವರನ್ನು ಬೆಪ್ಪಾಗಿ ನೋಡಿದರು. ಒಂದೇ ಜಮಖಾನೆಯ ಮೇಲೆ ಕೂತವರಿಗೆ ಒಂದೇ ಮಾತಿಗೆ ಎರಡು ಅರ್ಥ. ಮೇಲಿನ ಮಕ್ಕಳಿಗೆ ಮರಿ ಮಾಡುವ ಕಾವಲ್ಲದೆ ಬೇರೆ ಕಾವೇ ಗೊತ್ತಿರಲಿಲ್ಲ. ನನಗೆ ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ಕೆಡುಕೆನಿಸಿತು.

"ನಿಮ್ಮ ಮನಿಗೆ ಕಾವು ಹ್ಯಾಂಗ ಬರ್ತೈತಿ, ಹೇಳ್ರಿ" ಎಂದು ಕೆಳಗಿನವರನ್ನು ಕೇಳಿದೆ.

"ವಾಸನಿ ಜೋಡಿ ಬರ್ತೈತ್ರಿ" ಎಂದಿತು ಒಂದು ಮಗು.

ಇದು ನನಗೆ ಗೊತ್ತೇ ಇರಲಿಲ್ಲ. ಕಾವಿನ ಬೆನ್ನಿಗೆ ಅಡಿಗೆಯ ವಾಸನೆಯೂ ಇಳಿದು ಹೋಗುತ್ತದಂತೆ. ಒಬ್ಬರ ಮನೆಗೆ ಬೆಳ್ಳುಳ್ಳಿ ಒಗ್ಗರಣೆ, ಇನ್ನೊಬ್ಬರ ಮನೆಗೆ ಹುರಿದ ಶೇಂಗಾ, ಮತ್ತೊಬ್ಬರ ಮನೆಗೆ ವಾರಕ್ಕೊಮ್ಮೆ ತುಪ್ಪ ಕಾಯಿಸುವ ಗಮ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಕಟ್ಟಳೆ ಹೆಸರು ಹೇಳಬಾರದು ಅಂದಿತ್ತೇ ಹೊರತು ಬೆಳ್ಳುಳ್ಳಿ ಅನ್ನಬಾರದು ಅಂದಿರಲಿಲ್ಲ. ನಾನು ಖುಷಿಯಿಂದ ಒಬ್ಬೊಬ್ಬರ ಪುಟಕ್ಕೆ ಅವರವರ ವಾಸನೆಯ ಚಿತ್ರ ಹೊಲಿಯುತ್ತಾ ಹೋದೆ.

ಐದನೆಯ ದಿನ ಹುಲಿಗಿ ಬಂದಳು. ಕಣ್ಣು ಗುಳಿ ಬಿದ್ದಿದ್ದವು. ತೊಡೆಯ ಮೇಲೆ ಕೂರಿಸಿಕೊಂಡು, ನಿಮ್ಮ ಮನೆಗೆ ಏನು ಬರುತ್ತದೆ ಎಂದೆ.

"ಲಕ್ಕಿ ತಪ್ಪಲ ಕುದಿಯೂ ವಾಸನಿ ರೀ. ದಿನಾ ಮುಂಜಾನೆ. ಭಾಳ ಹೊತ್ತ ಬರ್ತೈತಿ."

ಸೂಜಿ ನನ್ನ ಬೆರಳಿಗೆ ಹೊಕ್ಕಿತು.

ಮೇಲೋಣಿಯಲ್ಲಿ ಲಕ್ಕಿ ತಪ್ಪಲು ಕುದಿಸುವ ಮನೆ ಒಂದೇ. ನನ್ನ ಅವ್ವನಿಗೆ ಹನ್ನೊಂದು ವರ್ಷದಿಂದ ಮೊಣಕಾಲು ಹಿಡಿದಿವೆ. ದಿನವೂ ಬೆಳಿಗ್ಗೆ ದೊಡ್ಡ ಹಂಡೆಯಲ್ಲಿ ಲಕ್ಕಿ ಗಿಡದ ಎಲೆಯನ್ನು ಎರಡು ತಾಸು ಕುದಿಸಿ, ಆ ನೀರಲ್ಲಿ ಅರಿವೆ ಅದ್ದಿ ಕಾಲಿಗೆ ಶಾಖ ಕೊಟ್ಟ ಮೇಲೆಯೇ ಅವಳು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುವುದು. ಹಂಡೆಯ ಕೆಳಗೆ ಕಟ್ಟಿಗೆ ತುಂಬುವವಳು ನಾನು. ದುರಗವ್ವ ಅವತ್ತು ನನ್ನ ಮುಖವನ್ನು ಯಾಕೆ ಹಾಗೆ ನೋಡಿದಳೆಂದು ಈಗ ತಿಳಿಯಿತು. ಅವಳ ಮನೆಯಲ್ಲಿ ನಿಂತು ನಾನು ನನ್ನದೇ ಒಲೆಗೆ ನೀರು ಸುರಿಯುವ ಪೌರುಷ ಕೊಚ್ಚಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಹುಲಿಗಿ ಮನೆಗೆ ಹೋದ ಮೇಲೆ ಅವಳ ಪುಟಕ್ಕೆ ಒಂದು ಉಳ್ಳಾಗಡ್ಡಿ ಹೊಲಿದೆ. ಉಳ್ಳಾಗಡ್ಡಿ ಹುರಿಯದ ಮನೆ ಯಾವುದಿದೆ? ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ.

ಮರುದಿನ ಹಂಡೆಯ ಕೆಳಗೆ ಕಟ್ಟಿಗೆ ಕಡಿಮೆ ಹಾಕಿದೆ. ಅವ್ವ ಅರಿವೆ ಮುಟ್ಟಿ ನೋಡಿ, "ಗೋದೂ, ಇವತ್ತ ನೀರಿಗೆ ಕಸುವ ಇಲ್ಲಲ್ಲ" ಎಂದಳು. ಎದ್ದು ನಿಲ್ಲಲು ಹೋಗಿ ಕಿರುಚಿ ಕೂತಳು. ನಾನು ಓಡಿಹೋಗಿ ಮತ್ತೆರಡು ಕೊರಡು ತುರುಕಿದೆ. ಬೆಂಕಿ ಎದ್ದಾಗ ನನ್ನ ಹಣೆಗೆ ತಣ್ಣನೆಯ ಗಾಳಿಯೇ ಬಡಿಯುತ್ತಿತ್ತು, ಕೆಳಗೆ ಆ ಗೋಡೆ ಕಾಯುತ್ತಿರುವುದು ಮಾತ್ರ ಕಣ್ಣಿಗೆ ಕಟ್ಟಿತ್ತು. ಹಾಗೆ ನಾಲ್ಕು ಬೆಳಗು ಹಚ್ಚಿದೆ. ಗೊತ್ತಿಲ್ಲದೆ ಹಚ್ಚಿದ ಹನ್ನೊಂದು ವರ್ಷಕ್ಕಿಂತ ಗೊತ್ತಿದ್ದು ಹಚ್ಚಿದ ಆ ನಾಲ್ಕು ದಿನ ನನ್ನನ್ನು ಇವತ್ತಿಗೂ ಸುಡುತ್ತವೆ. ಹುಲಿಗಿ ಆ ನಾಲ್ಕೂ ದಿನ ಶಾಲೆಯ ಗೋಡೆಗೆ ಒರಗಿ ಕೂತಿದ್ದಳು, ಆಟಕ್ಕೆ ಏಳಲಿಲ್ಲ.

ನಾಲ್ಕನೆಯ ದಿನ ಪುಸ್ತಕ ನೋಡಲು ಬಸಲಿಂಗಪ್ಪನವರು ಬಂದರು. ಜೊತೆಗೆ ಮೇಲೋಣಿಯ ಹತ್ತಾರು ತಂದೆ ತಾಯಂದಿರು. ಕೆಳಗಿನವರು ಕೂಲಿಗೆ ಹೋಗುವ ಹೊತ್ತು, ಅವರಲ್ಲಿ ಯಾರೂ ಬಂದಿರಲಿಲ್ಲ. ನಾನು ಪುಟ ತಿರುವಿ ಓದಿದೆ. ಮೇಲೆ ಒಂದು ಒಲೆ, ಕೆಳಗೆ ಒಂದು ಮನೆ. ಒಲೆ ಹಚ್ಚಿದ ಕೈ ಬೇರೆ, ಬೆವರಿದ ಮೈ ಬೇರೆ. ಈ ಮನೆಗೆ ಏನು ಬರುತ್ತದೆ? "ಬೆಳ್ಳೊಳ್ಳಿ!" ಎಂದು ಮಕ್ಕಳು ಕೂಗಿದರು. ಈ ಮನೆಗೆ? "ಶೇಂಗಾ!" ಹಿರಿಯರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಒಬ್ಬಾಕೆ ತನ್ನ ಸೆರಗಿನ ತುದಿ ಮೂಸಿಕೊಂಡಳು. ಹುಲಿಗಿಯ ಪುಟ ಬಂತು. ನಾನು ಬೇಗ ತಿರುವಿಬಿಡಲು ನೋಡಿದೆ.

"ತಪ್ಪೈತ್ರಿ ಅಕ್ಕೋರ."

ಹುಲಿಗಿ ಗೋಡೆ ಬಿಟ್ಟು ಎದ್ದು ಬಂದಿದ್ದಳು.

"ಏನ ತಪ್ಪೈತಿ ಮಗಳ?" ಎಂದರು ಬಸಲಿಂಗಪ್ಪನವರು.

"ನಮ್ಮನಿಗೆ ಉಳ್ಳಾಗಡ್ಡಿ ಬರಂಗಿಲ್ರಿ. ಲಕ್ಕಿ ತಪ್ಪಲ ಬರ್ತೈತಿ. ಅಕ್ಕೋರಿಗೆ ನಾ ಹೇಳಿದ್ನಿ. ಅವರು ಮರತಾರ."

ನಮ್ಮ ಮನೆಯ ಲಕ್ಕಿ ವಾಸನೆಗೆ ಮೂಗು ಮುಚ್ಚಿಕೊಂಡು ಹಾಯುವವರೇ ಅಲ್ಲಿದ್ದವರೆಲ್ಲ. ಮಗು ನನ್ನನ್ನು ನೋಡುತ್ತಿತ್ತು. ಮರೆತಿದ್ದೆ ಅಂದಿದ್ದರೆ ನಂಬುತ್ತಿತ್ತು. ನೀರು ಉಳಿಸು ಅಂದದ್ದನ್ನೂ ಅದು ಹಾಗೆಯೇ ನಂಬಿತ್ತು.

"ಮರತಿಲ್ಲವ್ವ" ಎಂದೆ. "ಅದು ನಮ್ಮ ಮನಿ ಕಾವು. ನನಗ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೊಲದೆ."

ಬಸಲಿಂಗಪ್ಪನವರ ಮುಖ ಕಪ್ಪಿಟ್ಟಿತು. ಹೆಸರು ಹಿಡಿಯುವ ಪುಸ್ತಕ ಮಕ್ಕಳಿಗೆ ಬೇಡ, ಊರು ಒಡೆಯುವ ಕೆಲಸ ಅಕ್ಕೋರಿಗೆ ತರವಲ್ಲ ಎಂದು ಹೇಳಿ, ಪುಸ್ತಕ ಕಿತ್ತುಕೊಂಡು ಬಗಲಲ್ಲಿ ಇಟ್ಟುಕೊಂಡರು. ಹೊರಡುವಾಗ ಸುಪ್ರಭಾ ಅವರ ಬೆರಳು ಹಿಡಿದು ಕೇಳಿದಳು. "ಅಜ್ಜಾ, ನಮ್ಮ ಒಲೀದು ಯಾರ ಮನಿಗೆ ಹೋಗ್ತೈತಿ?" ಅವರು ಸುಮ್ಮನಿರು ಎಂದರು. ಅವಳು ಮೆಟ್ಟಿಲು ಹತ್ತುವ ತನಕ ಅದನ್ನೇ ಕೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು.

ಮನೆಗೆ ಬಂದು ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಸಾಲಾಗಿಟ್ಟ ಗಡಿಗೆಗಳದ್ದನ್ನೂ ಹೇಳಿದೆ. ಅವ್ವ ತನ್ನ ಮೊಣಕಾಲು ಸವರಿಕೊಂಡಳು.

"ಎಷ್ಟು ವರ್ಷದ ಕೂಸು?"

"ಐದು."

"ನಾಳಿಂದ ಒಲಿ ಹಚ್ಚಬ್ಯಾಡ. ಮಳಿ ಬೀಳೂ ತನಕ."

"ಅವ್ವಾ, ನಿನ್ನ ಕಾಲು?"

"ನನ್ನ ಕಾಲು ನೋಯ್ತಾವ, ನಾ ನೋಯಿಸ್ಕೋತೀನಿ. ಅದಕ್ಯಾಕ ನೋಯಿಸಬೇಕು? ಅವಲಕ್ಕಿ ನೆನಸಿ ತಿಂದರಾತು."

ಮರುದಿನ ಬೆಳಿಗ್ಗೆ ನಮ್ಮ ಒಲೆ ಹೊತ್ತಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅಂಥ ಬೆಳಗು ಬಂದದ್ದೇ ಇಲ್ಲ. ಅವ್ವ ಹಲ್ಲು ಕಚ್ಚಿಕೊಂಡು ಹಾಸಿಗೆಯಲ್ಲೇ ಮಗ್ಗುಲಾಗುತ್ತಿದ್ದಳು. ನಾನು ಅವಲಕ್ಕಿಗೆ ಮೊಸರು ಕಲಸುತ್ತಾ, ಒಳಗೊಳಗೇ ಒಂದು ಸಣ್ಣ ಹೆಮ್ಮೆಯನ್ನೂ ಕಲಸಿಕೊಳ್ಳುತ್ತಿದ್ದೆ. ದೊಡ್ಡ ತ್ಯಾಗ ಮಾಡಿದವಳಲ್ಲವೇ ನಾನು. ಇಷ್ಟು ಹೊತ್ತಿಗೆ ದುರಗವ್ವ ತಂಪಾದ ಗೋಡೆ ಮುಟ್ಟಿ ನಮ್ಮನ್ನು ನೆನೆಯುತ್ತಿರಬಹುದು ಎಂದುಕೊಂಡೆ.

ಬಿಸಿಲು ಅಂಗಳಕ್ಕೆ ಬಂದ ಹೊತ್ತಿಗೆ ಹೊರಗೆ ಗದ್ದಲವಾಯಿತು. ಬಾಗಿಲಿಗೆ ಬಂದು ನೋಡಿದರೆ ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲೆ ನಿಂತಿದ್ದಾರೆ. ನಡುವೆ ದುರಗವ್ವ ಬರುತ್ತಿದ್ದಾಳೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಗಂಟು. ಆಸುಪಾಸಿನವರ ಯಾರ ಮಾತನ್ನೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇದು ಯಾರ ಮನೆ ಎಂದು ಕೇಳದೆ ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು ನಿಂತಳು. ಕಣ್ಣು ಅತ್ತು ಕೆಂಪಾಗಿದ್ದವು.

"ಅಕ್ಕೋರ, ಅಜ್ಜಿ ಯಾವಾಗ ಹ್ವಾದ್ರು?"

ನನಗೆ ಅರ್ಥವಾಗಲಿಲ್ಲ. "ಎಲ್ಲಿಗೆ?" ಎಂದೆ.

"ಮುಂಜಾನೆ ವಾಸನಿ ಬರಲಿಲ್ಲ. ಇಷ್ಟ ವರ್ಷದಾಗ ಒಂದ ದಿನಾನೂ ತಪ್ಪಿಲ್ರಿ. ದಿನಾ ವಾಸನಿ ಬಂದ ಕೂಡಲೆ, ಅಜ್ಜಿ ಎದ್ರು, ಇವತ್ತೂ ಆರಾಮ ಅದಾರ ಅಂತ ಅನಕೋತಿದ್ದೆ. ಇವತ್ತ ಕಾವೂ ಇಲ್ಲ, ವಾಸನೀನೂ ಇಲ್ಲ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಲ್ರಿ." ಅವಳು ಗಂಟನ್ನು ಮುಂದೆ ಚಾಚಿದಳು. "ನೀವು ಒಬ್ಬರ ಅದೀರಿ. ಉಪವಾಸ ಇರ್ತೀರಂತ ಬುತ್ತಿ ಕಟಗೊಂಡ ಬಂದೆ. ನಮ್ಮ ಕೈಯಾಂದು ಉಣ್ತೀರೋ ಇಲ್ಲೋ, ಸಾವಿನ ಮನಿಗೆ ಬರಿಗೈಲೆ ಬರಬಾರದಲ್ರಿ."

ನಾವು ಅವಳಿಗಾಗಿ ಒಲೆ ಆರಿಸಿರಬಹುದು ಎಂದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಮೇಲೋಣಿಯ ಒಲೆ ತಣ್ಣಗಿದೆ ಅಂದರೆ ಅವಳಿಗೆ ಗೊತ್ತಿದ್ದ ಕಾರಣ ಸಾವೊಂದೇ. ಹುಲಿಗಿ ಹೇಗಿದ್ದಾಳೆ ಎಂದು ಮಾತ್ರ ಕೇಳಿದೆ.

"ಇನ್ನೂ ಮಲಗ್ಯಾಳ್ರಿ. ಇಷ್ಟೊತ್ತನಕ ಒಳಗ ಎಂದೂ ಮಲಗಿದಾಕಿ ಅಲ್ಲ" ಎಂದಳು. "ಒಲಿಗಲ್ಲು ಕಾಯಲಿಲ್ಲಲ್ರಿ, ಅದಕ ಅಂಗಳದಾಗ ಮೂರು ಕಲ್ಲು ಇಟ್ಟು ಬೆಂಕಿ ಮಾಡಿ ರೊಟ್ಟಿ ಬಡದೆ."

ಒಳಗಿನಿಂದ ಗೋಡೆ ತಡವುವ ಸದ್ದು ಕೇಳಿಸಿತು. ಶಾಖವಿಲ್ಲದೆ, ಕೋಲಿಲ್ಲದೆ, ನರಳುತ್ತಾ ಅವ್ವ ಹೊಸ್ತಿಲ ತನಕ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದುರಗವ್ವ ಅವಳನ್ನು ಕಂಡು ಗಂಟನ್ನು ಎದೆಗೆ ಅವುಚಿಕೊಂಡು, "ಅಯ್ಯ ನಮ್ಮವ್ವ, ಅದೀರಿ!" ಎಂದು ಅಲ್ಲೇ ಕೂತು ಅತ್ತಳು. ಅವ್ವ ಸತ್ತಿದ್ದಾಳೆಂದು ಅತ್ತದ್ದಕ್ಕಿಂತ ಜೋರಾಗಿ, ಬದುಕಿದ್ದಾಳೆಂದು ಅತ್ತಳು. ನಾನು ಹೊಸ್ತಿಲಲ್ಲಿ ಮುಖ ಮುಚ್ಚಿಕೊಂಡೆ.

"ಎದ್ದೇಳು ಮಗಳ, ಒಳಗ ಬಾ" ಎಂದಳು ಅವ್ವ. ಓಣಿ ನೋಡುತ್ತಿತ್ತು. "ನನ್ನ ಸಾವಿನ ಬುತ್ತಿ ತಂದೀ. ನಾ ಒಬ್ಬಾಕೀನ ಕುಂತು ಹ್ಯಾಂಗ ಉಣ್ಣಲಿ?"

ನಡುಮನೆಯಲ್ಲಿ ಮೂವರೂ ಕೂತ ಮೇಲೆ ಗಂಟು ಬಿಚ್ಚಿದೆ. ಹನ್ನೆರಡು ರೊಟ್ಟಿ, ಒಂದು ಉಂಡೆ ಝುಣಕ. ಸಾವಿಗೆ ಬಂದ ನೆಂಟರಿಗೂ ಸಾಲಲಿ ಎಂದು ದುರಗವ್ವ ತನ್ನ ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಬಡಿದುಬಿಟ್ಟಿದ್ದಳು.